ಮಾವನ ಗರಗಸ

ಅತ್ತೆಯನ್ನು ಚಳಿಗಾಲ ಮುಗಿಯುವ ತನಕ ಅವರ ಮಗಳ ಮನೆಗೆ ಕಳಿಸಬೇಕು ಎಂದು ತೀರ್ಮಾನವಾದದ್ದು ಅತ್ತೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಾಗ. ಗಂಡ ಹೆಂಡತಿ ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂತು, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ದನಿ ತಗ್ಗಿಸಿ ಮಾತಾಡಿಕೊಂಡರು. ಹೆಚ್ಚು ಮಾತೇನೂ ಬೇಕಾಗಲಿಲ್ಲ. ಹೋದ ಚಳಿಗಾಲ ಕಟ್ಟಿಗೆ ಅರ್ಧದಲ್ಲೇ ಮುಗಿದಿತ್ತು. ಅವಸರದಲ್ಲಿ ಕೊಂಡು ತಂದದ್ದು ಹಸಿಯಾಗಿದ್ದು, ಒಲೆ ಶಾಖಕ್ಕಿಂತ ಹೊಗೆಯನ್ನೇ ಹೆಚ್ಚು ಕೊಟ್ಟು, ಅತ್ತೆ ಎದೆ ಕಟ್ಟಿಕೊಂಡು ಆಸ್ಪತ್ರೆ ಸೇರಿದ್ದರು. ಈ ಸಲ ಗಂಡನ ಬಲಭುಜವೂ ಕೈಕೊಟ್ಟಿತ್ತು. ಅವನು ಬೇಕರಿಯ ವ್ಯಾನ್ ಓಡಿಸುವವನು. ಬ್ರೆಡ್ಡಿನ ಟ್ರೇಗಳನ್ನು ಇಳಿಸುವಾಗ ಕಾಲು ಜಾರಿ, ಭುಜ ಕಳಚಿ, ಈಗ ಸ್ಟೇರಿಂಗ್ ತಿರುಗಿಸಬಹುದು, ಕೊಡಲಿ ಎತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಾರುವ ಕಟ್ಟಿಗೆಯ ದರ ಕೇಳಿ ಅವನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದ.

"ಅಕ್ಕನ ಮನೇಲಿ ಕೋಣೆ ಕೋಣೆಗೂ ಹೀಟರ್ ಇದೆ," ಎಂದ.

"ಅವರನ್ನ ಒಂದು ಮಾತು ಕೇಳೋದು ಬೇಡ್ವಾ?"

"ಕೇಳಿದ್ರೆ ಬೇಡ ಅಂತಾಳೆ. ಆಮೇಲೆ ನಾನು ಏನು ಹೇಳ್ಲಿ?"

ಸೊಸೆ ಸಿಪ್ಪೆಗಳನ್ನು ಕೂಡಿಸಿ ಬುಟ್ಟಿಗೆ ಹಾಕಿದಳು.

ಊಟದ ಹೊತ್ತಿಗೆ ಗಂಡ ವಿಷಯ ತೆಗೆದ. ಅಕ್ಕ ತುಂಬ ದಿನದಿಂದ ಕರೀತಿದಾಳೆ ಅಂದ, ಬದಲಾವಣೆ ಆಗತ್ತೆ ಅಂದ, ಅಲ್ಲಿ ಮೆಟ್ಟಿಲು ಹತ್ತೋ ಕಷ್ಟ ಇಲ್ಲ ಅಂದ. ಕಟ್ಟಿಗೆಯ ಹೆಸರೆತ್ತಲಿಲ್ಲ. ಅತ್ತೆ ಸೂಪಿನ ಬಟ್ಟಲಿಗೆ ಬ್ರೆಡ್ ಮುರಿದು ಹಾಕುತ್ತಿದ್ದವರು ಮುರಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಹಾಕಿ ಮುಗಿಸಿ, ಚಮಚದಿಂದ ಅದುಮಿ, "ಯಾವಾಗ?" ಎಂದು ಮಾತ್ರ ಕೇಳಿದರು. ತಿಂಗಳ ಕೊನೆಯ ಭಾನುವಾರ ಎಂದ ಗಂಡ. ಅತ್ತೆ ತಲೆಯಾಡಿಸಿದರು. ಮೊಮ್ಮಗಳು ಒಬ್ಬಳೇ ಬಾಯಿ ಬಿಟ್ಟವಳು. ಹದಿನಾರರ ಹುಡುಗಿ, ಮನೆಯಲ್ಲಿ ಯಾರೂ ಆಡದ ಮಾತನ್ನು ಆಡುವ ಕೆಲಸವನ್ನು ತಾನೇ ವಹಿಸಿಕೊಂಡವಳು. ಅಜ್ಜಿ ಹೋದರೆ ತನ್ನ ಸಾಕ್ಸ್ ಯಾರು ಹುಡುಕಿಕೊಡುತ್ತಾರೆ ಎಂದು ಕೇಳಿದಳು. ಯಾರೂ ನಗಲಿಲ್ಲ. ಮರುದಿನ ಬೆಳಿಗ್ಗೆ ಬೀರುವಿನ ಮೇಲಿದ್ದ ಹಳೆಯ ಚೀಲ ಕೆಳಗಿಳಿದು ಅತ್ತೆಯ ಮಂಚದ ಕಾಲಿಗೆ ಒರಗಿ ನಿಂತಿತ್ತು.

ಸೊಸೆಗೆ ಆ ಚೀಲ ಕಣ್ಣಿಗೆ ಬಿದ್ದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚಿದಂತಾಗುತ್ತಿತ್ತು. ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಮಗಳಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ, ಆಗಲೇ ಕೆಲಸಕ್ಕೆ ಮರಳಿದ್ದಳು. ಅಂದಿನಿಂದ ಇಂದಿನವರೆಗೆ ಪಾಳಿ ಮುಗಿಸಿ ಬರುವಾಗ ಒಲೆಯ ಅಂಚಿನಲ್ಲಿ ತಟ್ಟೆ ಮುಚ್ಚಿಟ್ಟ ಚಹಾ ಅವಳಿಗಾಗಿ ಬೆಚ್ಚಗೆ ಕಾದಿರುತ್ತಿತ್ತು. ಮಗಳಿಗೆ ಜ್ವರ ಬಂದ ದಿನಗಳು, ಪರೀಕ್ಷೆಯ ದಿನಗಳು, ಎರಡು ಪಾಳಿ ಒಟ್ಟಿಗೆ ಮಾಡಿದ ದಿನಗಳು, ಎಲ್ಲವೂ ಅತ್ತೆಯ ಕೈಯಿಂದ ದಾಟಿಹೋಗಿದ್ದವು. ಈ ಮನೆಯಲ್ಲಿ ಉಪಕಾರ ಹೇಳುವ ರೂಢಿ ಇರಲಿಲ್ಲ. ಉಪ್ಪು ಕೊಡಿ ಅಂದರೆ ಉಪ್ಪು ಬರುತ್ತಿತ್ತು, ಅಷ್ಟೇ. ಬಾಯಿಗೆ ಅಭ್ಯಾಸವಿಲ್ಲದ ಮಾತು ಒಳಗೇ ಉಳಿದು ಉಳಿದು, ಅದು ಇದೆ ಎನ್ನುವುದೇ ಮರೆತುಹೋಗಿತ್ತು.

ಆ ವಾರದಲ್ಲಿಯೇ ಗಾಳಿ ಎದ್ದು, ಹಿತ್ತಲಿನ ಆಚೆಗಿನ ಶಾಲೆಯ ಮೈದಾನದಲ್ಲಿದ್ದ ದೊಡ್ಡ ಮರ ಉರುಳಿತು. ಎರಡು ವರ್ಷದಿಂದ ಎಲೆ ಬಿಡದೆ ನಿಂತಲ್ಲೇ ಒಣಗಿದ್ದ ಮರ. ಬೀಳುವಾಗ ಪುಣ್ಯಕ್ಕೆ ಗೋಡೆಯನ್ನು ಬಿಟ್ಟು ಬಿದ್ದಿತ್ತು. ಮಗಳು ಮುಖ್ಯೋಪಾಧ್ಯಾಯಿನಿಯನ್ನು ಕೇಳಿಯೇ ಬಂದಳು. ಬೇಕಾದವರು ಕತ್ತರಿಸಿಕೊಂಡು ಹೋಗಬಹುದಂತೆ, ಆದರೆ ರಜೆ ಮುಗಿದು ಮಕ್ಕಳು ಬರುವುದರೊಳಗೆ ಮೈದಾನ ಖಾಲಿಯಾಗಬೇಕಂತೆ. ಇಲ್ಲದಿದ್ದರೆ ಲಾರಿಯವನು ಬಂದು ಎತ್ತಿಕೊಂಡು ಹೋಗುತ್ತಾನಂತೆ.

ಸೊಸೆ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡದೆ ನೇರ ಅಲ್ಲಿಗೆ ಹೋದಳು. ಕಾಂಡಕ್ಕೆ ಉಗುರಿನಿಂದ ತಟ್ಟಿದಳು. ಖಣ್ ಎಂದಿತು. ಒಂದು ಚಳಿಗಾಲವಿರಲಿ, ಎರಡಕ್ಕೂ ಸಾಕಾಗುವಷ್ಟು ಒಣಕಟ್ಟಿಗೆ ಗೋಡೆಯ ಆಚೆ ಮಲಗಿತ್ತು. ಕೈಗರಗಸದಲ್ಲಿ ಅದನ್ನು ಕೊಯ್ಯುವುದೆಂದರೆ ಚಮಚದಲ್ಲಿ ಬಾವಿ ತೋಡಿದ ಹಾಗೆ. ಆದರೆ ಮನೆಯಲ್ಲಿ ಇನ್ನೊಂದು ಗರಗಸವಿತ್ತು. ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸ. ಮಾವನದು. ಅವರು ತೀರಿಕೊಂಡಾಗಿನಿಂದ ಅತ್ತೆಯ ಮಂಚದ ಕೆಳಗೆ, ಮರದ ಪೆಟ್ಟಿಗೆಯೊಳಗೆ ಇತ್ತು.

ಅವಳು ಕೇಳಲು ಹೋದಾಗ ಅತ್ತೆ ಮಂಚದ ಮೇಲೆ ಕೂತು ಸ್ವೆಟರ್ ಮಡಿಸುತ್ತಿದ್ದರು. ಮಾತು ಮುಗಿಸುವ ಮೊದಲೇ ಹಿಮ್ಮಡಿಯಿಂದ ಪೆಟ್ಟಿಗೆಯನ್ನು ಹೊರಕ್ಕೆ ತಳ್ಳಿದರು. "ತಗೊಳ್ಳಿ. ನನ್ನ ಕೇಳೋದೇನಿದೆ," ಎಂದರು. ಆ ಬಹುವಚನ ಸೊಸೆಗೆ ಸರಿಯಾಗಿಯೇ ನಾಟಿತು. ಅತ್ತೆ ಅವಳನ್ನು ಯಾವಾಗಲೂ ನೀನು ಎಂದೇ ಕರೆಯುತ್ತಿದ್ದವರು.

ಪೆಟ್ಟಿಗೆ ತೆರೆದರೆ ಹಳೆಯ ಎಣ್ಣೆಯ ವಾಸನೆ. ಹೊರಕವಚದ ಬಣ್ಣ ಮಾಸಿ ಯಾವ ಬಣ್ಣವಿತ್ತೆಂದೇ ತಿಳಿಯದಾಗಿತ್ತು. ಪೆಟ್ರೋಲಿನ ಸಣ್ಣ ನಳಿಕೆ ಬಿಸ್ಕತ್ತಿನಂತೆ ಮುರಿಯಿತು. ಎಳೆಯುವ ಹಗ್ಗ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಚೈನು ಓಡುವ ಉದ್ದನೆಯ ಪಟ್ಟಿಯ ಅಂಚಿನ ಸೀಳಿನಲ್ಲಿ ಹೊಟ್ಟು ಮತ್ತು ಎಣ್ಣೆ ಸೇರಿ ಕಲ್ಲಾಗಿತ್ತು. ಚೈನು ಮಾತ್ರ ಬೇರೆ ಒಂದು ತಗಡಿನ ಡಬ್ಬಿಯಲ್ಲಿ, ಎಣ್ಣೆಯಲ್ಲಿ ಮುಳುಗಿ, ತುಕ್ಕಿನ ಚುಕ್ಕೆಯೂ ಇಲ್ಲದೆ ಸುರುಳಿ ಸುತ್ತಿ ಮಲಗಿತ್ತು. ಪಕ್ಕದಲ್ಲಿ ಚೈನಿನ ಹಲ್ಲು ಮಸೆಯುವ, ಬೆರಳಿಗಿಂತ ತೆಳ್ಳಗಿನ ಒಂದು ದುಂಡನೆಯ ಅರ.

ಗಂಡ ಇದನ್ನು ಕಂಡು ರೇಗಿದ. ಮೆಲ್ಲಗೆ ಶುರುವಾದದ್ದು ಬಟ್ಟಲುಗಳು ಸದ್ದು ಮಾಡುವ ಮಟ್ಟಕ್ಕೆ ಹೋಯಿತು. ಅಪ್ಪನಂಥವರೇ ಅದನ್ನು ಹಿಡಿಯುವಾಗ ಮೈಯೆಲ್ಲ ಕಣ್ಣಾಗಿರುತ್ತಿದ್ದರು ಎಂದ. ಒಂದು ಸಲ ಎಗರಿದರೆ ಮುಖಕ್ಕೇ ಬರುತ್ತೆ ಎಂದ. "ನಿನ್ನ ಕೈ ಹೋದ್ರೆ ಮನೆ ನಡೆಯೋದು ಹೇಗೆ?" ಎಂದು ಕೇಳಿದ.

"ದಿನಾ ನಾನು ಹಿಡಿಯೋದೇನು, ಹೂವಾ? ನೂರು ಪದರ ಬಟ್ಟೆ ಸೀಳೋ ಮಿಷನ್ನು."

"ಬಟ್ಟೆ ತಿರುಗಿ ಬೀಳಲ್ಲ."

"ಅಪ್ಪಾ, ನೀನು ವ್ಯಾನ್ ರಿವರ್ಸ್ ತಗೊಳ್ವಾಗ ನಾವು ಎಷ್ಟು ಧೈರ್ಯವಾಗಿ ಹಿಂದೆ ನಿಂತ್ಕೋತೀವಿ," ಎಂದಳು ಮಗಳು. ಗಂಡನಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಜಗಳವನ್ನು ಎಲ್ಲಿಂದ ಮುಂದುವರಿಸಬೇಕೆಂದು ತಿಳಿಯದೆ ಬ್ರೆಡ್ಡಿಗೆ ಕೈ ಹಾಕಿದ. ಅತ್ತೆ ಎದ್ದು ತಮ್ಮ ಬಟ್ಟಲು ತೊಳೆದಿಟ್ಟು ಕೋಣೆಗೆ ಹೋದರು.

ಬಸ್ ನಿಲ್ದಾಣದ ಹಿಂದೆ ಬೈಕ್ ರಿಪೇರಿ ಮಾಡುವವನಿಗೆ ಎಲ್ಲರೂ ಗ್ರೀಸ್ ಮಾಮ ಎನ್ನುತ್ತಿದ್ದರು. ಗರಗಸವನ್ನು ನೋಡಿದ ಕೂಡಲೇ, ಯಾರೋ ಹಳೆಯ ಗೆಳೆಯ ಒಳಗೆ ಬಂದಂತೆ, ಕೈ ಒರೆಸಿಕೊಂಡು ಎದ್ದು ನಿಂತ. ಮಾವ ಇದನ್ನು ಅವನ ಹತ್ತಿರವೇ ತರುತ್ತಿದ್ದರಂತೆ. ಕಾರ್ಬುರೇಟರ್ ಬಿಚ್ಚಿ, ಒಳಗಿನ ತೆಳು ಪೊರೆಯನ್ನು ಉಗುರಿನಿಂದ ಎತ್ತಿ ಅವಳಿಗೆ ತೋರಿಸಿದ. ಮೃದುವಾಗಿ ಉಸಿರಾಡಬೇಕಾದದ್ದು ಒಣಗಿದ ಎಲೆಯಂತೆ ಸೆಟೆದಿತ್ತು. ಹೊಸ ಪೊರೆ, ಹೊಸ ನಳಿಕೆ, ಹೊಸ ಪ್ಲಗ್, ಹಗ್ಗ ಬೇಕು, ಉಳಿದದ್ದು ಬರೀ ಕೊಳೆ, ಕೊಳೆ ತೆಗೆಯೋಕೆ ನೀನು ಸಾಕು ಎಂದ. ಆ ಅಳತೆಯ ಚೈನು ಮಾತ್ರ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ, ಇದ್ದದ್ದನ್ನೇ ಹರಿತ ಮಾಡಿಕೊಳ್ಳಬೇಕು.

"ಅದನ್ನೂ ನೀವೇ ಮಾಡಿಕೊಡಿ, ಮಾಮ."

"ಎಂಜಿನ್ ನನ್ನದು. ಹಲ್ಲು ನನ್ನದಲ್ಲಮ್ಮ. ನಿಮ್ಮ ಮಾವ ಚೈನನ್ನ ಯಾವತ್ತೂ ಇಲ್ಲಿಗೆ ತರಲೇ ಇಲ್ಲ. ಮನೇಲೇ ಬಿಟ್ಟು ಬರೋನು. ನಾನೂ ಕೇಳ್ಲಿಲ್ಲ."

ಮುಂದಿನ ದಿನಗಳಲ್ಲಿ ಅಡುಗೆಮನೆಯ ಮೇಜಿನ ಅರ್ಧ ಗರಗಸದ ಪಾಲಾಯಿತು. ಪಾಳಿ ಮುಗಿಸಿ ಬಂದು, ಚಹಾ ಕುಡಿದು, ಹಳೆಯ ಪತ್ರಿಕೆ ಹಾಸಿ ಸೊಸೆ ಕೂರುತ್ತಿದ್ದಳು. ಪಟ್ಟಿಯ ಸೀಳಿನಲ್ಲಿ ಕಲ್ಲಾಗಿದ್ದ ಕೊಳೆಯನ್ನು ಹೆಣಿಗೆಯ ಕಡ್ಡಿಯಿಂದ ಕೆದಕಿದಳು. ಎಣ್ಣೆ ತೊಟ್ಟಿಕ್ಕಬೇಕಾದ ಸಣ್ಣ ತೂತು ಮುಚ್ಚಿಕೊಂಡಿತ್ತು, ಅದನ್ನು ಸೂಜಿಯಿಂದ ಬಿಡಿಸಿದಳು. ತಂಪು ಗಾಳಿ ಹೋಗುವ ಎಲೆಎಲೆಯಂಥ ಸಂದುಗಳನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಉಜ್ಜಿದಳು. ಬೆಳಿಗ್ಗೆ ಗಂಡ ಬಚ್ಚಲಿನಿಂದ ಉಗಿಯುತ್ತ ಹೊರಬಂದ.

"ನನ್ನ ಬ್ರಷ್ಷಲ್ಲಿ ಏನು ಮಾಡಿದ್ರಿ?"

"ಹಲ್ಲುಜ್ಜಿದ್ದು," ಎಂದಳು ಮಗಳು. "ಅದಕ್ಕೇ ತಾನೇ ಬ್ರಷ್ ಇರೋದು."

ಅತ್ತೆಯ ಕೋಣೆಯ ಬಾಗಿಲಾಚೆ ಒಂದು ಸಣ್ಣ ಸದ್ದಾಯಿತು. ಕೆಮ್ಮೋ ನಗುವೋ ಸೊಸೆಗೆ ಗೊತ್ತಾಗಲಿಲ್ಲ. ಅತ್ತೆ ಈ ದಿನಗಳಲ್ಲಿ ಮೇಜಿನ ಹತ್ತಿರ ಬಂದರೆ ತಮ್ಮ ಕೆಲಸ ಮುಗಿಸಿ ಹೋಗುತ್ತಿದ್ದರು. ಬಿಚ್ಚಿಟ್ಟ ಭಾಗಗಳ ಕಡೆ ಅವರು ಕಣ್ಣೆತ್ತಿ ನೋಡದೇ ಇರುವುದರಲ್ಲಿಯೂ ಒಂದು ನೋಟ ಇತ್ತು. ಮಾವನ ನೆನಪಾಗಿ ನೋವಾಗುತ್ತಿರಬೇಕು ಎಂದುಕೊಂಡು ಸೊಸೆ ಆದಷ್ಟು ಬೇಗ ಪತ್ರಿಕೆ ಮಡಿಸುತ್ತಿದ್ದಳು.

ಚೈನಿಗೆ ಅರ ಹಾಕುವುದು ಅವಳಿಗೆ ಕಷ್ಟವೆನಿಸಲಿಲ್ಲ. ಕಾರ್ಖಾನೆಯಲ್ಲಿ ತನ್ನ ಕತ್ತರಿಯನ್ನು ತಾನೇ ಮಸೆದುಕೊಳ್ಳುತ್ತಿದ್ದವಳು ಅವಳು, ಬೇರೆಯವರ ಕತ್ತರಿಗಳೂ ಅವಳ ಬಳಿಗೇ ಬರುತ್ತಿದ್ದವು. ಕತ್ತರಿಗೆ ಹೇಗೋ ಇದಕ್ಕೂ ಹಾಗೇ ಎಂದುಕೊಂಡಳು. ಕುರ್ಚಿ ಕದಲಿಸದೆ ಒಂದೇ ಕಡೆ ಕೂತು, ಒಂದೇ ಬದಿಯಿಂದ, ಒಂದೊಂದು ಹಲ್ಲನ್ನೂ ಕೂದಲು ಸೀಳುವಷ್ಟು ತೆಳ್ಳಗೆ ತಂದಳು. ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿದರೆ ಪದರ ಎದ್ದಿತು. ಅವಳಿಗೆ ತನ್ನ ಕೈಯ ಬಗ್ಗೆ ಸಣ್ಣ ಹೆಮ್ಮೆಯೇ ಆಯಿತು.

ಶನಿವಾರ ಬೆಳಿಗ್ಗೆ ಗ್ರೀಸ್ ಮಾಮ ಮೈದಾನಕ್ಕೆ ಬಂದ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆ ಹೇಳಿದ. ಕಾಲು ಎಲ್ಲಿಡಬೇಕು, ಪಟ್ಟಿಯ ತುದಿಯನ್ನು ಮರಕ್ಕೆ ಯಾಕೆ ತಾಗಿಸಬಾರದು ಎಂದು ಎರಡೆರಡು ಸಲ ತೋರಿಸಿದ. ಸೊಸೆ ಗಂಡನ ದಪ್ಪ ಬೂಟು, ಕೈಗವಸು, ಕಾರ್ಖಾನೆಯ ಕನ್ನಡಕ ಹಾಕಿಕೊಂಡಿದ್ದಳು. ಹಗ್ಗ ಎಳೆದಳು, ಏನೂ ಇಲ್ಲ. ಮತ್ತೆ ಎಳೆದಳು, ಒಂದು ಕೆಮ್ಮು. ಮತ್ತೊಮ್ಮೆ ಎಳೆದಾಗ ಗರಗಸ ಗುಡುಗಿ, ನೀಲಿ ಹೊಗೆ ಉಗುಳಿ, ನಿಂತುಹೋಗದೆ ಓಡತೊಡಗಿತು. ಗಂಡ ತನಗೇ ಗೊತ್ತಿಲ್ಲದೆ ನೋಯುವ ಭುಜವನ್ನು ಎತ್ತಿ ಕೈ ಬೀಸಿ, ಅಯ್ಯೋ ಎಂದು ಅದನ್ನು ಹಿಡಿದುಕೊಂಡ. ಮಾಮ ಅಂಗಡಿ ತೆರೆಯಬೇಕೆಂದು ನಗುನಗುತ್ತ ಹೊರಟುಹೋದ.

ಸಂತೋಷ ಅಷ್ಟಕ್ಕೇ ನಿಂತಿತು. ಗರಗಸ ಮರದೊಳಗೆ ನಾಲ್ಕು ಬೆರಳು ಇಳಿಯುವ ಹೊತ್ತಿಗೆ ನೇರ ಹೋಗುವುದನ್ನು ಬಿಟ್ಟು ಬಲಕ್ಕೆ ತಿರುಗಿತು. ಅವಳು ಸರಿಪಡಿಸಲು ನೋಡಿದಷ್ಟೂ ಇನ್ನಷ್ಟು ತಿರುಗಿ, ಕೊನೆಗೆ ಕಚ್ಚಿಕೊಂಡು ನಿಂತಿತು. ಹೊಗೆ ಬಂದದ್ದು ಎಂಜಿನ್ನಿನಿಂದಲ್ಲ, ಮರದಿಂದ. ಬೆಣೆ ಹೊಡೆದು ಬಿಡಿಸಿ ಬೇರೆ ಕಡೆ ಇಟ್ಟಳು. ಅಲ್ಲಿಯೂ ಅದೇ ಗತಿ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ತುಂಡು ಬೇರೆಯಾಗಿ ಬಿತ್ತು. ಅದರ ಮುಖ ಬಟ್ಟಲಿನಂತೆ ಬಾಗಿತ್ತು.

"ಅಮ್ಮ ಮರಕ್ಕೂ ಶರ್ಟಿನ ಕುತ್ತಿಗೆ ಕತ್ತರಿಸಿದಾಳೆ," ಎಂದಳು ಮಗಳು. ತಾಯಿಯ ಮುಖ ನೋಡಿ, ಆಡಿದ್ದು ಬೇಡಿತ್ತು ಎನ್ನುವಂತೆ ಹೋಗಿ ಆ ತುಂಡನ್ನು ಎತ್ತಿಕೊಂಡಳು.

ಅಷ್ಟರಲ್ಲಿ ಗಂಡನ ಫೋನ್ ರಿಂಗಾಯಿತು. ಅಕ್ಕ. ನಾಳೆಯಲ್ಲ, ಮುಂದಿನ ಭಾನುವಾರವೇ ತಾನೇ, ಅಮ್ಮನ ಕೋಣೆಗೆ ಹೊಸ ಪರದೆ ಹಾಕಿದೀನಿ ಎಂದು ಅವಳು ಉತ್ಸಾಹದಿಂದ ಹೇಳುವುದು ಎಲ್ಲರಿಗೂ ಕೇಳಿಸುತ್ತಿತ್ತು. ಗಂಡ ಹೂಂ ಅಂದ, ಹೂಂ ಅಂದ, ಮರವನ್ನು ನೋಡಿದ, ಇನ್ನೊಂದು ಸಲ ಹೂಂ ಅಂದ. ಫೋನ್ ಇಟ್ಟು ಹೆಂಡತಿಗೆ, ಸಾಕು ಬಿಡು, ಲಾರಿಯವನೇ ತಗೊಂಡು ಹೋಗ್ಲಿ, ನೀನು ಮಾಡಿದ್ದು ಕಮ್ಮಿಯೇನಲ್ಲ ಎಂದ. ಅವನು ಬಯ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನ ದನಿ ಮೆತ್ತಗಿತ್ತು. ಅವಳು ಕೈಗವಸು ತೆಗೆದು, ಉರುಳಿದ ಕಾಂಡದ ಮೇಲೆ ಕೂತುಬಿಟ್ಟಳು.

ಹಿತ್ತಲ ಗೋಡೆಯ ಸಂದಿನಿಂದ ಅತ್ತೆ ಬಂದರು. ಯಾರನ್ನೂ ಮಾತಾಡಿಸದೆ ನೇರ ಮರದ ಹತ್ತಿರ ಹೋಗಿ, ಬಗ್ಗಿ, ಕೆಳಗೆ ಬಿದ್ದಿದ್ದ ಪುಡಿಯನ್ನು ಒಂದು ಹಿಡಿ ಎತ್ತಿಕೊಂಡರು. ಬೆರಳುಗಳ ನಡುವೆ ಉಜ್ಜಿದರು.

"ಹಿಟ್ಟು ಬಿದ್ದಿದೆ," ಎಂದರು. "ಹಿಟ್ಟು ಬೀಳಬಾರದು. ಚಕ್ಕೆ ಬೀಳಬೇಕು. ಎಷ್ಟೊತ್ತಿಂದ ಕೇಳ್ತಾ ಇದೀನಿ, ಅರಚ್ತಾ ಇದೆ ಅದು. ಹಲ್ಲಿಗೆ ಯಾರು ಅರ ಹಾಕಿದ್ದು?"

"ನಾನೇ."

"ಒಂದೇ ಕಡೆ ಕೂತ್ಕೊಂಡು ಹಾಕಿದೀಯ. ಒಂದು ಹಲ್ಲು ಎಡಕ್ಕೆ ನೋಡತ್ತೆ, ಒಂದು ಬಲಕ್ಕೆ ನೋಡತ್ತೆ. ಎರಡಕ್ಕೂ ಒಂದೇ ಕೈ ಆದ್ರೆ ಅದು ನೇರ ಹೇಗೆ ಹೋಗತ್ತೆ? ಅಷ್ಟು ತೆಳ್ಳಗೂ ಮಾಡಬಾರದು. ಇದು ಬಟ್ಟೆ ಅಲ್ಲ." ಕೈಯಲ್ಲಿದ್ದ ಪುಡಿಯನ್ನು ಉದುರಿಸಿದರು. "ಬಿಚ್ಚಿ ಒಳಗೆ ತಗೊಂಡು ಬಾ."

ಗಂಡ ಹತ್ತಿರ ಬಂದ. "ಅಪ್ಪ ನಿನಗೆ ಇದನ್ನೆಲ್ಲ ಹೇಳಿಕೊಟ್ಟಿದ್ರಾ?"

"ನಿಮ್ಮಪ್ಪನಿಗೆ ಹತ್ತಿರದ್ದು ಕಾಣ್ತಿರಲಿಲ್ಲ. ಕನ್ನಡಕ ಹಾಕೋಕೆ ಜಂಬ. ಮದುವೆಯಾದ ವರ್ಷದಿಂದ ಅರ ಹಾಕಿದ್ದು ನಾನು."

"ನೀನು ಚೈನ್ ಹಿಡ್ಕೊಂಡು ಕೂತಿರ್ತಿದ್ದದ್ದು ನೋಡಿದೀನಿ. ಒರೆಸ್ತಾ ಇದೀಯ ಅಂದ್ಕೊಂಡಿದ್ದೆ."

"ಒರೆಸ್ತಾನೂ ಇದ್ದೆ," ಎಂದು ಅತ್ತೆ ತಿರುಗಿ ನಡೆದರು.

ಅಡುಗೆಮನೆಯ ಮೇಜಿನ ಅಂಚಿಗೆ ಪಟ್ಟಿಯನ್ನು ಬಿಗಿದು, ಚೈನು ಏರಿಸಿ ಕೂತದ್ದಾಯಿತು. ಅತ್ತೆ ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದರು. ಅರವನ್ನು ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಬೇಕು, ಒಂದು ಹಲ್ಲು ಬಿಟ್ಟು ಒಂದು ಹಲ್ಲು. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಎದ್ದು ಮೇಜಿನ ಆಚೆ ಬದಿಗೆ ಹೋಗಿ ಕೂತು, ಉಳಿದವನ್ನು ಎಡಗೈಯಲ್ಲಿ ಮಾಡಬೇಕು. ಅವರ ಕಣ್ಣು ಹಲ್ಲಿನ ಮೇಲಿರಲಿಲ್ಲ. ಕಿಟಕಿಯಾಚೆ ಎಲ್ಲೋ ನೋಡುತ್ತ, ಕಿವಿಯಿಂದಲೇ ಕೆಲಸ ಮಾಡುತ್ತಿದ್ದರು. ಅರ ಸರಿಯಾಗಿ ಕೂತಾಗ ಒಂದು ಒಣ, ಸ್ವಚ್ಛ ಸದ್ದು ಬರುತ್ತಿತ್ತು.

ಆದರೆ ಬಲಗಡೆಯ ಹಲ್ಲುಗಳು ಮುಗಿಯುವ ಹೊತ್ತಿಗೆ ಅವರ ಮಣಿಕಟ್ಟು ನಡುಗತೊಡಗಿತು. ಎದ್ದು ಆಚೆ ಬದಿಗೆ ಹೋದರು, ಎಡಗೈಯಲ್ಲಿ ಅರ ಹಿಡಿದರು, ಸದ್ದು ಒಡೆಯಿತು. ಮತ್ತೆ ಹಿಡಿದರು. ಮತ್ತೆ ಒಡೆಯಿತು. ಅರವನ್ನು ಮೇಜಿನ ಮೇಲಿಟ್ಟು ಬೆರಳುಗಳನ್ನು ಮಡಿಲಿನಲ್ಲಿ ಒತ್ತಿಕೊಂಡರು.

ಮಗಳು ಹೊರಗೆ ತುಂಡು ಹೊರುತ್ತಿದ್ದಳು. ಗಂಡ ವ್ಯಾನ್ ತೊಳೆಯುತ್ತಿದ್ದ. ಅಡುಗೆಮನೆಯಲ್ಲಿ ಇಬ್ಬರೇ. ಸೊಸೆ ಹೇಳಬೇಕೆಂದುಕೊಂಡದ್ದು ಒಂದು, ಕೇಳಿದ್ದು ಬೇರೆಯೇ ಒಂದು ಮಾತು.

"ಇಷ್ಟು ದಿನ ಇಲ್ಲೇ ಓಡಾಡ್ಕೊಂಡಿದ್ರಿ, ಅತ್ತೆ. ನಾನು ತಪ್ಪು ಮಾಡ್ತಿರೋದು ಕಾಣ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?"

ಒಲೆಯ ಮೇಲಿದ್ದ ಕೆಟಲಿನ ಮುಚ್ಚಳ ಅಲುಗಾಡುತ್ತಿತ್ತು.

"ನನ್ನ ಕಳಿಸೋ ಮಾತು ನಿಮ್ಮನಿಮ್ಮಲ್ಲೇ ಆಡಿಕೊಂಡ್ರಿ. ಗರಗಸದ ಮಾತೂ ನಿಮ್ಮಲ್ಲೇ ಇರ್ಲಿ ಅಂತ ಸುಮ್ಮನಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಒಣಗಿದೆ, ತೆಗೆದಿಟ್ಟಿದೀನಿ ಎಂದು ಹೇಳುವ ದನಿ. ಸೊಸೆ ಅರವನ್ನು ಎತ್ತಿಕೊಂಡಳು, ಇಟ್ಟಳು.

"ಹೋಗಬೇಡಿ ಅತ್ತೆ," ಎಂದಳು. "ಕಟ್ಟಿಗೆ ಆದ್ರೂ ಸರಿ, ಆಗದಿದ್ರೂ ಸರಿ. ನೀವು ಮಗಳನ್ನ ನೋಡಿಕೊಂಡ್ರಿ, ನಾನು ಕೆಲಸಕ್ಕೆ ಹೋದೆ. ನೀವು ಚಹಾ ಇಟ್ರಿ, ನಾನು ಕುಡಿದೆ. ಒಂದು ದಿನಾನೂ ಒಂದು ಮಾತು ಹೇಳ್ಲಿಲ್ಲ ನಾನು. ಹೇಳೋಕೆ ಬರಲ್ಲ ನನಗೆ. ನಿಮ್ಮಿಂದಾನೇ ನಾನು ಇಷ್ಟರಮಟ್ಟಿಗೆ ನಿಂತಿದೀನಿ."

ಅತ್ತೆ ಕಿಟಕಿಯ ಕಡೆಗೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಸೊಸೆಯ ಬೆರಳುಗಳನ್ನು ಹಿಡಿದು, ಅರದ ಹಿಡಿಯ ಮೇಲೆ ಒಂದೊಂದಾಗಿ ಕೂಡಿಸಿದರು.

"ಈ ಕಡೆ ನಿನ್ನದು," ಎಂದರು. "ಆ ಕಡೆ ನನ್ನದು. ಒಬ್ಬಳೇ ಎರಡು ಕಡೆ ಮಾಡೋಕೆ ನನಗಿನ್ನು ಆಗಲ್ಲ."

ಹೀಗೆ ಆ ಮನೆಯಲ್ಲಿ ಒಂದು ಹೊಸ ಬಗೆಯ ಕೆಲಸ ಹುಟ್ಟಿಕೊಂಡಿತು. ಸೊಸೆ ಅತ್ತ, ಅತ್ತೆ ಇತ್ತ, ನಡುವೆ ಚೈನು. ಭಾನುವಾರ ಬೆಳಿಗ್ಗೆ ಮರಕ್ಕೆ ಇಟ್ಟು ನೋಡಿದರೆ ಈಗ ಚಕ್ಕೆಗಳು ಹಾರಿದವು, ಬೆಣ್ಣೆಯ ಬಣ್ಣದ ದಪ್ಪ ಚಕ್ಕೆಗಳು. ಗರಗಸ ಮಾತ್ರ ಸ್ವಲ್ಪ ಎಡಕ್ಕೆ ವಾಲಿತು. ಮಗಳು ನಿರಾಶೆಯಿಂದ ಅಜ್ಜಿಯ ಮುಖ ನೋಡಿದಳು. ಅತ್ತೆ ನಿರಾಶರಾಗಲಿಲ್ಲ. ಸೊಸೆಯ ಕೈಯಲ್ಲಿ ಬಲ ಜಾಸ್ತಿ, ತಮ್ಮ ಕೈಯಲ್ಲಿ ಕಮ್ಮಿ, ಅವಳ ಬದಿಯ ಹಲ್ಲು ಹೆಚ್ಚು ಸವೆದು ಗಿಡ್ಡವಾಗಿದೆ ಎಂದು ವಿವರಿಸಿದರು. ತಾವು ಹೆಚ್ಚು ಒತ್ತಲಾರರು, ಆದ್ದರಿಂದ ಅವಳೇ ತನ್ನ ಬಲ ಕಮ್ಮಿ ಮಾಡಿಕೊಂಡು ತಮ್ಮ ಸಮಕ್ಕೆ ಬರಬೇಕು.

ಅಷ್ಟು ಹಗುರಾಗಿ ಒತ್ತುವುದು ಸೊಸೆಗೆ ಅರ ಹಾಕಿದ ಹಾಗೇ ಅನಿಸಲಿಲ್ಲ. ವಾರವೆಲ್ಲ ಪಾಳಿ ಮುಗಿಸಿ ಬಂದು ಅದನ್ನೇ ಕಲಿತಳು. ಅತ್ತೆಯ ಅರದ ಸದ್ದನ್ನು ಕೇಳಿಸಿಕೊಳ್ಳುವುದು, ತನ್ನದನ್ನು ಅದಕ್ಕೆ ಹೊಂದಿಸುವುದು. ಮೊಟ್ಟೆ ಬೇಯಿಸುವ, ತಟ್ಟೆ ಇಡುವ ಕೆಲಸ ಗಂಡನ ಪಾಲಿಗೆ ಬಂತು. ಒಂದೇ ಕೈಯಲ್ಲಿ ಮೊಟ್ಟೆ ಸುಲಿದು ಅರ್ಧ ಬಿಳಿಭಾಗವನ್ನು ಸಿಪ್ಪೆಗೇ ಬಿಟ್ಟ. ಕತ್ತಲಾಗುವ ಹೊತ್ತಿಗೆ ಮಗಳು ಪಾಠ ಓದುವುದನ್ನು ಬಿಟ್ಟು, ಬರೀ ಸದ್ದು ಕೇಳಿ ಯಾವುದು ಯಾರ ಅರ ಎಂದು ಹೇಳುವ ಆಟ ಆಡುತ್ತಿದ್ದಳು. ಮೊದಮೊದಲು ಎಲ್ಲವನ್ನೂ ಸರಿಯಾಗಿಯೇ ಹೇಳಿದಳು. ಶುಕ್ರವಾರ ಎರಡು ಸಲ ತಪ್ಪಿದಳು. ಅಂದು ಅತ್ತೆ ಅರ ಒರೆಸಿಟ್ಟು ಎದ್ದು ಹೋಗಿ ಮಲಗಿದರು. ಚೀಲ ಮಂಚದ ಕಾಲಿನ ಹತ್ತಿರವೇ ಇತ್ತು. ಹೋಗಬೇಡಿ ಎಂದದ್ದಕ್ಕೆ ಅವರು ಹೂಂ ಎಂದೂ ಹೇಳಿರಲಿಲ್ಲ, ಉಹೂಂ ಎಂದೂ ಹೇಳಿರಲಿಲ್ಲ. ಸೊಸೆಗೆ ಮತ್ತೆ ಕೇಳಲು ಧೈರ್ಯ ಬರಲಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರೂ ಮೈದಾನದಲ್ಲಿದ್ದರು. ಸೊಸೆ ಕಾಲೂರಿ ನಿಂತು ಗರಗಸವನ್ನು ಕಾಂಡಕ್ಕೆ ಇಳಿಸಿದಳು. ತಳ್ಳಬೇಕಾಗಲಿಲ್ಲ. ಗರಗಸ ತನ್ನ ಭಾರಕ್ಕೆ ತಾನೇ ಇಳಿಯಿತು, ನಾಲ್ಕು ಬೆರಳು, ಒಂದು ಗೇಣು, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಚಕ್ಕೆಗಳು ಅವಳ ಬೂಟಿನ ಮೇಲೆ ರಾಶಿ ಬಿದ್ದವು. ತುಂಡು ಧೊಪ್ಪನೆ ಬೇರೆಯಾಯಿತು. ಅವಳು ಎಂಜಿನ್ ನಿಲ್ಲಿಸಿ, ಗಂಡನ ಒಳ್ಳೆಯ ಕೈಯ ಸಹಾಯದಿಂದ ಅದನ್ನು ಎತ್ತಿ, ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದಳು.

ಅತ್ತೆ ಹತ್ತಿರ ಬಂದು ಅದರ ಮುಖದ ಮೇಲೆ ಅಂಗೈ ಆಡಿಸಿದರು. ಆಮೇಲೆ ತಿರುಗಿ, ಬಟ್ಟೆ ಕೊಳೆಯಾಗುತ್ತೆ ಎಂಬ ಯೋಚನೆಯೇ ಇಲ್ಲದವರ ಹಾಗೆ, ಅದರ ಮೇಲೆ ಕೂತರು. ಒಂದು ಸಲ ಎಡಕ್ಕೆ ವಾಲಿ ನೋಡಿದರು. ಒಂದು ಸಲ ಬಲಕ್ಕೆ. ತುಂಡು ಅಲುಗಾಡಲಿಲ್ಲ.

ಫೋನ್ ರಿಂಗಾಯಿತು. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಅಕ್ಕ ಕೇಳುತ್ತಿದ್ದಳು. ಗಂಡ ಹೂಂ ಎನ್ನಲಿಲ್ಲ. ಫೋನನ್ನು ಎದೆಗೆ ಒತ್ತಿ ಹಿಡಿದು, ಮೊದಲೇ ಕೇಳಬೇಕಾಗಿದ್ದದ್ದನ್ನು ಕೇಳುವವನಂತೆ ತಾಯಿಯ ಎದುರು ಬಂದು ನಿಂತ.

"ಏನು ಹೇಳ್ಲಿ ಅಮ್ಮ?"

ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ಗರಗಸ ಹಿಡಿದು, ಕನ್ನಡಕದ ಹಿಂದೆ ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದಳು.

"ಪರದೆ ಚೆನ್ನಾಗಿ ಕಾಣ್ತಿರತ್ತೆ, ಬೇಸಿಗೇಲಿ ಬಂದು ನೋಡ್ತೀನಿ ಅಂತ ಹೇಳು," ಎಂದರು ಅತ್ತೆ. "ಇಷ್ಟು ಮರ ಕೊಯ್ಯೋದು ಅಂದ್ರೆ ಚೈನಿಗೆ ದಿನಾ ಅರ ಹಾಕಬೇಕು. ಇವಳಿಗೆ ಇನ್ನೂ ಒಂದೇ ಕಡೆ ಬರತ್ತೆ. ಈಗ ಬರೋಕಾಗಲ್ಲ, ಕೆಲಸ ಇದೆ."

ಗಂಡ ಫೋನನ್ನು ಕಿವಿಗೆ ಹಿಡಿದು, "ಕೆಲಸ ಇದೆಯಂತೆ ಕಣೇ," ಎಂದ. ಅಕ್ಕ ಏನೆಂದಳೋ ಯಾರಿಗೂ ಕೇಳಿಸಲಿಲ್ಲ. ಸೊಸೆ ಆಗಲೇ ಹಗ್ಗ ಎಳೆದಿದ್ದಳು.